ಪಂಪ್‌ಸೆಟ್ ಸ್ಟಾರ್ಟರ್ ಕಾರ್ಡ್‌ಗೆ ನಮ್ಮದೇ ಸಾಕೆಟ್: ಪಟ್ಟಿಯ ಲೋಹ, ದಪ್ಪ, ಲೇಪನ ಯಾವುದಿರಬೇಕು?

ತುಮಕೂರು ಪ್ಯಾನೆಲ್

ಎಲ್ಲರಿಗೂ ನಮಸ್ಕಾರ. ನಮ್ಮದು ಬೋರ್‌ವೆಲ್ ಪಂಪ್‌ಸೆಟ್‌ಗಳಿಗೆ ಮೊಬೈಲ್ ಸ್ಟಾರ್ಟರ್ ತಯಾರಿಸುವ ಚಿಕ್ಕ ಘಟಕ. ರೈತರು ಮನೆಯಲ್ಲೇ ಕುಳಿತು ಫೋನ್ ಮಾಡಿ ಮೋಟರ್ ಚಾಲೂ ಮಾಡುವ ಪೆಟ್ಟಿಗೆಯನ್ನು ನೀವೆಲ್ಲ ನೋಡಿರುತ್ತೀರಿ. ಆ ಪೆಟ್ಟಿಗೆ ತಗಡಿನ ಶೆಡ್ಡಿನಲ್ಲಿರುತ್ತದೆ, ಬೇಸಿಗೆಯಲ್ಲಿ ಒಳಗೆ ಕೈ ಇಡಲಾಗದಷ್ಟು ಕಾಯುತ್ತದೆ, ಮತ್ತು ಒಂದು ಗೇಣು ದೂರದಲ್ಲೇ ಇರುವ ಕಾಂಟ್ಯಾಕ್ಟರ್ (ಮೋಟರಿಗೆ ವಿದ್ಯುತ್ ಕೊಡುವ ವಿದ್ಯುತ್ಕಾಂತದ ಸ್ವಿಚ್) ಪ್ರತಿ ಬಾರಿ ಎಳೆದುಕೊಂಡಾಗಲೂ ಇಡೀ ತಟ್ಟೆ ಅದುರುತ್ತದೆ.

ನಮಗೆ ವಾಪಸು ಬರುವ ಕಾರ್ಡ್‌ಗಳಲ್ಲಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಕಾಣುತ್ತಿದೆ. ಸಾಕೆಟ್‌ನಲ್ಲಿ ಕೂತಿರುವ ಮೈಕ್ರೋಕಂಟ್ರೋಲರ್ ಐಸಿಯನ್ನು ಬೆರಳಿನಿಂದ ಒತ್ತಿದರೆ ಕಾರ್ಡ್ ಸರಿಹೋಗುತ್ತದೆ, ಕೆಲವು ತಿಂಗಳ ನಂತರ ಅದೇ ಕಾರ್ಡ್ ಮತ್ತೆ ಬರುತ್ತದೆ. ಇದರ ಜೊತೆಗೆ, ಜಿಎಸ್‌ಎಂ ಮಾಡ್ಯೂಲ್ (ಫೋನ್ ಕರೆ ಸ್ವೀಕರಿಸುವ ಘಟಕ) ಇರುವ ಭಾಗವನ್ನು ಪ್ರತ್ಯೇಕ ಕಾರ್ಡ್ ಮಾಡಿ, ಹಳ್ಳಿಯ ಎಲೆಕ್ಟ್ರಿಷಿಯನ್ ಸ್ಥಳದಲ್ಲೇ ಬದಲಿಸುವಂತೆ ಮಾಡಬೇಕೆಂಬ ಯೋಚನೆ ನಮಗಿದೆ. ಅದಕ್ಕಾಗಿ 3.96 ಮಿ.ಮೀ. ಅಂತರದ 8 ಪಿನ್‌ಗಳ ಸಾಕೆಟ್ ಒಂದನ್ನು ನಾವೇ ವಿನ್ಯಾಸ ಮಾಡಿ ಸ್ಥಳೀಯವಾಗಿ ಮಾಡಿಸಲು ಹೊರಟಿದ್ದೇವೆ.

ಈಗಿರುವ ಡ್ರಾಯಿಂಗ್ ಹೀಗಿದೆ: ಸಾಕೆಟ್ ಒಳಗೆ ಪಿನ್ನನ್ನು ಒತ್ತಿ ಹಿಡಿಯುವ ಹಿತ್ತಾಳೆ ಪಟ್ಟಿ, ದಪ್ಪ 0.2 ಮಿ.ಮೀ., ಅಗಲ 1 ಮಿ.ಮೀ., ಬಾಗುವ ಭಾಗದ ಉದ್ದ 3 ಮಿ.ಮೀ. ಪಿನ್ ಒಳಗೆ ಹೋದಾಗ ಪಟ್ಟಿ 0.2 ಮಿ.ಮೀ. ಸರಿಯುತ್ತದೆ. ಪಟ್ಟಿಗೆ ತವರದ ಲೇಪನ, ಒಳಗೆ ಹೋಗುವುದು ಮಾರುಕಟ್ಟೆಯಲ್ಲಿ ಸಿಗುವ 0.64 ಮಿ.ಮೀ. ಚೌಕದ, ತೆಳು ಚಿನ್ನದ ಲೇಪನವಿರುವ ಹೆಡರ್ ಪಿನ್. ಅಚ್ಚಿಗೆ ಹಣ ಹಾಕುವ ಮೊದಲು ಇದರಲ್ಲಿ ಏನು ತಪ್ಪಿದೆ ಎಂದು ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ಹುಬ್ಬಳ್ಳಿ ರಿಲೇ

ಐಸಿಯ ಸಾಕೆಟ್ ತೆಗೆದುಹಾಕಿ, ಐಸಿಯನ್ನು ನೇರವಾಗಿ ಬೆಸುಗೆ ಹಾಕಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ತುಮಕೂರು ಪ್ಯಾನೆಲ್

ಪ್ರೋಗ್ರಾಂ ಬದಲಿಸಲು ಅನುಕೂಲವಾಗಲಿ ಎಂದು ಸಾಕೆಟ್ ಇಟ್ಟಿದ್ದೆವು. ಅದಕ್ಕೆ ಬದಲಾಗಿ ಬೋರ್ಡಿನ ಮೇಲೆಯೇ 6 ಪಿನ್‌ಗಳ ಪ್ರೋಗ್ರಾಮಿಂಗ್ ಹೆಡರ್ ಇಡಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ಜಿಎಸ್‌ಎಂ ಕಾರ್ಡ್ ಬದಲಿಸಬಹುದಾದಂತೆ ಇರಲೇಬೇಕು ಸರ್. ಸಿಡಿಲಿನ ಹೊಡೆತಕ್ಕೆ ಮೊದಲು ಸಾಯುವುದು ಅದೇ, ಮತ್ತು ಅದೊಂದಕ್ಕಾಗಿ ಇಡೀ ಪೆಟ್ಟಿಗೆ ತುಮಕೂರಿಗೆ ಬಂದು ಹೋಗುವಷ್ಟರಲ್ಲಿ ತೋಟ ಒಣಗಿರುತ್ತದೆ.

ಮಿಲಿಓಮ್

ಮೊದಲು ಐಸಿಯ ದೂರಿಗೆ ಕಾರಣವೇನೆಂದು ನೋಡೋಣ, ಏಕೆಂದರೆ ಅದೇ ಕಾರಣ ನಿಮ್ಮ ಹೊಸ ಸಾಕೆಟ್‌ನಲ್ಲೂ ಕಾದು ಕುಳಿತಿದೆ.

ಎರಡು ಲೋಹದ ಮೇಲ್ಮೈಗಳು ಎಷ್ಟೇ ನಯವಾಗಿ ಕಂಡರೂ ನಿಜವಾಗಿ ಮುಟ್ಟುವುದು ಕೆಲವೇ ಸೂಕ್ಷ್ಮ ಉಬ್ಬುಗಳಲ್ಲಿ ಮಾತ್ರ, ಮತ್ತು ಕರೆಂಟ್ ಪೂರ್ತಿ ಆ ಚುಕ್ಕೆಗಳ ಮೂಲಕವೇ ಹಾದುಹೋಗಬೇಕು. ರಾಗ್ನಾರ್ ಹಾಲ್ಮ್ ಎಂಬ ವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲೇ ಇದನ್ನು ಲೆಕ್ಕ ಸಮೇತ ವಿವರಿಸಿದ್ದಾರೆ. ಆ ಚುಕ್ಕೆಗಳ ಒಟ್ಟು ವಿಸ್ತೀರ್ಣವನ್ನು ನಿರ್ಧರಿಸುವುದು ಪಿನ್ನಿನ ಅಗಲವಲ್ಲ, ಪಟ್ಟಿ ಪಿನ್ನನ್ನು ಒತ್ತುವ ಬಲ. ಆದ್ದರಿಂದ ಸಾಕೆಟ್ ವಿನ್ಯಾಸ ಎಂದರೆ ಮೊದಲಿಗೆ ಒಂದು ಸ್ಪ್ರಿಂಗ್‌ನ ವಿನ್ಯಾಸ, ಲೇಪನದ ಪ್ರಶ್ನೆ ಅದರ ನಂತರದ್ದು.

ತವರದ ಮೇಲೆ ಯಾವಾಗಲೂ ತೆಳುವಾದ, ಗಡಸು ಆಕ್ಸೈಡ್ ಪದರ ಇರುತ್ತದೆ. ಪಿನ್ ಒಳಗೆ ಉಜ್ಜಿಕೊಂಡು ಹೋಗುವಾಗ ಆ ಪದರ ಒಡೆದು, ಕೆಳಗಿನ ಮೆದು ತವರ ಹೊರಬಂದು ಒಳ್ಳೆಯ ಸಂಪರ್ಕ ಸಿಗುತ್ತದೆ. ಆಮೇಲೆ ಕಾಂಟ್ಯಾಕ್ಟರ್‌ನ ಬಡಿತದಿಂದಲೋ ಹಗಲು ರಾತ್ರಿಯ ತಾಪದ ಏರಿಳಿತದಿಂದಲೋ ಪಿನ್ ಕೆಲವು ಮೈಕ್ರಾನ್‌ಗಳಷ್ಟು ಹಿಂದೆ ಮುಂದೆ ಸರಿಯುತ್ತಿದ್ದರೆ, ಪ್ರತಿ ಸಲವೂ ಹೊಸ ತವರ ಗಾಳಿಗೆ ತೆರೆದುಕೊಂಡು ಆಕ್ಸೈಡ್ ಆಗುತ್ತದೆ, ಆ ಪುಡಿ ಅಲ್ಲೇ ಶೇಖರವಾಗುತ್ತದೆ, ಕೊನೆಗೆ ಉಬ್ಬುಗಳೆಲ್ಲ ಆ ಪುಡಿಯ ಮೇಲೆ ಕೂರುತ್ತವೆ. ಇದನ್ನು ಫ್ರೆಟಿಂಗ್ ಎನ್ನುತ್ತಾರೆ. ನೀವು ಬೆರಳಿನಿಂದ ಒತ್ತಿದಾಗ ಪಿನ್ ಸ್ವಲ್ಪ ಜಾರಿ ಹೊಸ ಜಾಗದಲ್ಲಿ ಕೂರುತ್ತದೆ, ಕಾರ್ಡ್ ಬದುಕುತ್ತದೆ, ಅದುರಾಟ ಮುಂದುವರಿದು ಕೆಲವು ತಿಂಗಳಲ್ಲಿ ಮತ್ತೆ ಸಾಯುತ್ತದೆ. ನೀವು ಬರೆದಿರುವ ಲಕ್ಷಣ ಇದಕ್ಕೆ ತದ್ವತ್ತಾಗಿ ಹೊಂದುತ್ತದೆ.

ಇನ್ನು ನಿಮ್ಮ ಪಟ್ಟಿಯ ಲೆಕ್ಕ. ಒಂದು ತುದಿಯಲ್ಲಿ ಹಿಡಿದಿರುವ ಪಟ್ಟಿಯ ಬಲ ಹೀಗೆ ಬರುತ್ತದೆ: ಸ್ಥಿತಿಸ್ಥಾಪಕ ಗುಣಾಂಕ, ಅಗಲ, ದಪ್ಪದ ಘನ, ಸರಿದ ದೂರ ಇವುಗಳ ಗುಣಲಬ್ಧವನ್ನು ಉದ್ದದ ಘನದ ನಾಲ್ಕರಷ್ಟರಿಂದ ಭಾಗಿಸಬೇಕು. ಹಿತ್ತಾಳೆಗೂ ಫಾಸ್ಫರ್ ಬ್ರಾಂಜ್ ಎಂಬ ತಾಮ್ರ-ತವರದ ಮಿಶ್ರಲೋಹಕ್ಕೂ ಗುಣಾಂಕ ಸುಮಾರು 110 ಗಿಗಾಪ್ಯಾಸ್ಕಲ್. ನಿಮ್ಮ ಅಳತೆಗಳನ್ನು ಹಾಕಿದರೆ 1.6 ನ್ಯೂಟನ್ ಬಲ ಬರುತ್ತದೆ, ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ ಪಟ್ಟಿಯ ಬುಡದಲ್ಲಿ ಬರುವ ಒತ್ತಡವನ್ನೂ ನೋಡಬೇಕಲ್ಲವೇ? ಅದು ಸುಮಾರು 730 ಮೆಗಾಪ್ಯಾಸ್ಕಲ್ ಆಗುತ್ತದೆ. ಹಿತ್ತಾಳೆ ಅದಕ್ಕಿಂತ ಬಹಳ ಮೊದಲೇ ಶಾಶ್ವತವಾಗಿ ಬಾಗಿಬಿಡುತ್ತದೆ. ಅಂದರೆ ಮೊದಲ ಪಿನ್ ಒಳಗೆ ಹೋದ ಕ್ಷಣದಲ್ಲೇ ಪಟ್ಟಿ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ, ಮತ್ತು ಅದು ನಿಮ್ಮ ಕಣ್ಣಿಗೆ ಕಾಣಿಸುವುದೂ ಇಲ್ಲ.

ಪೀಣ್ಯ ಟೂಲ್‌ರೂಮ್

ಮಿಲಿಓಮ್ ಅವರ ಲೆಕ್ಕ ಸರಿಯಾಗಿದೆ, ಆದರೆ ಲೆಕ್ಕದಲ್ಲಿ ಕಾಣದ ಕೆಲವು ಸಂಗತಿಗಳು ಪ್ರೆಸ್ ಮೇಲೆ ಎದುರಾಗುತ್ತವೆ.

ಹಿತ್ತಾಳೆಯನ್ನು ಮರೆತುಬಿಡಿ. ಅದು ಬಿಸಿಯಲ್ಲಿ ನಿಧಾನವಾಗಿ ಸಡಿಲವಾಗುತ್ತದೆ. 75 ಡಿಗ್ರಿಯ ಆಚೆಗೆ ಸದಾ ಬಾಗಿಕೊಂಡೇ ಇರುವ ಹಿತ್ತಾಳೆ ಪಟ್ಟಿಯನ್ನು ನಂಬಬಾರದು, ಮತ್ತು ತಗಡಿನ ಶೆಡ್ಡಿನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ, ಕರೆಂಟ್ ಹರಿಯುತ್ತಿರುವ ಪಿನ್ನಿನ ಬಳಿ ಆ ತಾಪ ದೂರವೇನಲ್ಲ. ಸ್ಪ್ರಿಂಗ್ ಹಾರ್ಡ್ (ಸ್ಪ್ರಿಂಗ್ ಮಾಡುವಷ್ಟು ಗಡಸಾದ) ಫಾಸ್ಫರ್ ಬ್ರಾಂಜ್ ಸುರುಳಿ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತದೆ. ಬೆರಿಲಿಯಂ ತಾಮ್ರ ಇನ್ನೂ ಉತ್ತಮ ಎಂದು ಯಾರಾದರೂ ಹೇಳಬಹುದು, ಆದರೆ ಅದರ ಬೆಲೆ ಹೆಚ್ಚು, ಮೆದುವಾಗಿ ತಂದರೆ ಬಗ್ಗಿಸಿದ ಮೇಲೆ ಕುಲುಮೆಯಲ್ಲಿ ಸುಮಾರು 315 ಡಿಗ್ರಿಯಲ್ಲಿಟ್ಟು ಗಟ್ಟಿಗೊಳಿಸಬೇಕು, ಮತ್ತು ಅದನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ನಿಮ್ಮ ಕೆಲಸಕ್ಕೆ ಅದು ಬೇಕಿಲ್ಲ.

ಡ್ರಾಯಿಂಗ್‌ನಲ್ಲಿ ಎರಡು ವಿಷಯ ಬರೆಯಲೇಬೇಕು. ಒಂದು, ಸುರುಳಿಯನ್ನು ಯಾವ ದಿಕ್ಕಿನಲ್ಲಿ ಉರುಳಿಸಿ ತೆಳುಮಾಡಿದ್ದಾರೋ ಆ ದಿಕ್ಕಿಗೆ ಬಾಗುಗೆರೆ ಅಡ್ಡವಾಗಿ ಬರಬೇಕು. ಗಡಸು ಪಟ್ಟಿಯಲ್ಲಿ ಬಾಗುಗೆರೆ ಉರುಳಿಸಿದ ದಿಕ್ಕಿನಲ್ಲೇ ಬಂದರೆ ಹೊರಮೈಯಲ್ಲಿ ಸಣ್ಣ ಬಿರುಕು ಬೀಳುತ್ತದೆ, ಲೇಪನ ಅದನ್ನು ಮುಚ್ಚಿಹಾಕುತ್ತದೆ, ಗಿರಾಕಿಯ ಮನೆಯಲ್ಲಿ ಪಟ್ಟಿ ಮುರಿಯುತ್ತದೆ. ಎರಡು, ಪಂಚ್ ಕತ್ತರಿಸಿದ ಪಟ್ಟಿಗೆ ಒಂದು ಬದಿ ನಯವಾಗಿಯೂ ಇನ್ನೊಂದು ಬದಿ ಚೂಪಾದ ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು) ಸಮೇತವೂ ಇರುತ್ತದೆ. ಪಿನ್ ಮುಟ್ಟುವುದು ನಯವಾದ ಬದಿಯನ್ನೇ ಆಗಿರಬೇಕು. ಬರ್ ಇರುವ ಬದಿ ಪಿನ್ ಕಡೆಗೆ ಬಂದರೆ, ಅದು ಪ್ರತಿ ಸಲವೂ ಪಿನ್ನಿನ ಲೇಪನವನ್ನು ಹೆರೆದು ಹಾಕುತ್ತದೆ. ಸಾಧ್ಯವಾದರೆ ಸಂಪರ್ಕದ ಜಾಗದಲ್ಲಿ ಒಂದು ಸಣ್ಣ ಗುಂಡನೆಯ ಉಬ್ಬನ್ನು ಅದೇ ಡೈನಲ್ಲಿ ಒತ್ತಿಸಿಕೊಳ್ಳಿ. ಪಿನ್ ಎಲ್ಲಿ ಮುಟ್ಟುತ್ತದೆ ಎಂಬುದು ಆಗ ನಿಮ್ಮ ಹಿಡಿತದಲ್ಲಿರುತ್ತದೆ.

ಎಂಟನೇ ಸೆಮಿಸ್ಟರ್

ಬಲ ಹೆಚ್ಚಿದಷ್ಟೂ ಸಂಪರ್ಕ ಉತ್ತಮ ಎಂದಾದರೆ, ದಪ್ಪ ಪಟ್ಟಿ ಹಾಕಿ 5 ನ್ಯೂಟನ್ ಬಲವನ್ನೇ ಏಕೆ ಇಡಬಾರದು ಸರ್?

ಮಿಲಿಓಮ್

ಹಾಕುವಾಗ ಕೈಗೆ ಆಗುವ ಶ್ರಮವನ್ನೂ ಲೆಕ್ಕ ಹಾಕಿ. ಪಿನ್ನಿನ ಎರಡೂ ಬದಿಗೆ ಪಟ್ಟಿ ಇದ್ದು, ಘರ್ಷಣೆಯ ಗುಣಾಂಕ 0.4 ಎಂದುಕೊಂಡರೆ, 5 ನ್ಯೂಟನ್ ಬಲಕ್ಕೆ ಪ್ರತಿ ಪಿನ್ನಿಗೂ 4 ನ್ಯೂಟನ್ ತಳ್ಳಬೇಕು. 8 ಪಿನ್ನಿಗೆ ಅದು 3 ಕಿಲೋಗ್ರಾಂ ತೂಕಕ್ಕೂ ಹೆಚ್ಚು. ಬೋರ್ಡ್ ಬಾಗುತ್ತದೆ, ಬೆಸುಗೆ ಬಿರುಕು ಬಿಡುತ್ತದೆ, ಲೇಪನವೂ ಬೇಗ ಸವೆಯುತ್ತದೆ. ಕಂಪ್ಯೂಟರಿನ ಪ್ರೊಸೆಸರ್ ಸಾಕೆಟ್‌ಗಳ ಇತಿಹಾಸದ ಒಂದು ದೊಡ್ಡ ಭಾಗ ಇದೇ ಸಮಸ್ಯೆಯ ಸುತ್ತ ನಡೆದಿದೆ. ಪಿನ್‌ಗಳ ಸಂಖ್ಯೆ ನೂರು ದಾಟಿದ ಮೇಲೆ ಕೈಯಿಂದ ಒತ್ತಿ ಕೂರಿಸುವುದು ಅಸಾಧ್ಯವಾಗಿ, ಸನ್ನೆ ಎತ್ತಿ ಚಿಪ್ಪನ್ನು ಬಿಟ್ಟು, ಸನ್ನೆ ಇಳಿಸಿದಾಗ ಮಾತ್ರ ಪಟ್ಟಿಗಳು ಹಿಡಿಯುವ ಜಿಫ್ ಸಾಕೆಟ್ ಬಂತು. ಇಂಟೆಲ್ 2004ರಲ್ಲಿ ಎಲ್‌ಜಿಎ 775 ಸಾಕೆಟ್‌ನೊಂದಿಗೆ ಪಿನ್‌ಗಳನ್ನು ಚಿಪ್ಪಿನಿಂದ ಸಾಕೆಟ್‌ಗೇ ವರ್ಗಾಯಿಸಿತು. ಎಎಂಡಿ ತನ್ನ ಮೇಜಿನ ಕಂಪ್ಯೂಟರುಗಳಿಗೆ 1331 ಪಿನ್‌ಗಳ ಎಎಂ4 ಬಿಟ್ಟು, 1718 ಸಂಪರ್ಕಗಳ ಎಎಂ5 ತಂದದ್ದು 2022ರಲ್ಲಿ. ಅಲ್ಲಿ ಉಜ್ಜಿಕೊಂಡು ಒಳಹೋಗುವುದೇ ಇಲ್ಲ, ಮೇಲಿನ ಚೌಕಟ್ಟು ನೇರವಾಗಿ ಒತ್ತುತ್ತದೆ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ದಪ್ಪ, ಗಿಡ್ಡ ಪಟ್ಟಿ ಅಳತೆಯ ಸಣ್ಣ ವ್ಯತ್ಯಾಸವನ್ನೂ ಸಹಿಸುವುದಿಲ್ಲ. ಪಟ್ಟಿ ಸರಿಯುವುದೇ 0.2 ಮಿ.ಮೀ. ಆಗಿದ್ದು, ಅಚ್ಚಿನಲ್ಲಿ 0.05 ಮಿ.ಮೀ. ತಪ್ಪಿದರೆ ಕಾಲುಭಾಗ ಬಲ ಏರುತ್ತದೆ ಅಥವಾ ಇಳಿಯುತ್ತದೆ. ಉದ್ದನೆಯ ಪಟ್ಟಿಯನ್ನು ಹೆಚ್ಚು ದೂರ ಸರಿಸಿ ಅದೇ ಬಲ ಪಡೆದರೆ ಆ ತಪ್ಪಿನ ಪರಿಣಾಮ ಕಡಿಮೆಯಾಗುತ್ತದೆ. ತುಮಕೂರು ಪ್ಯಾನೆಲ್ ಅವರೇ, ಜಾಗ ಇದ್ದರೆ ಉದ್ದವನ್ನು 5 ಮಿ.ಮೀ. ಮಾಡಿ, ದಪ್ಪ 0.25, ಅಗಲ 1.2, ಸರಿಯುವ ದೂರ 0.3 ಮಿ.ಮೀ. ಇಡಿ. ಬಲ 1.2 ನ್ಯೂಟನ್ ಬರುತ್ತದೆ, ಬುಡದ ಒತ್ತಡ 500 ಮೆಗಾಪ್ಯಾಸ್ಕಲ್ ಒಳಗೇ ಉಳಿಯುತ್ತದೆ. ಸ್ಪ್ರಿಂಗ್ ಹಾರ್ಡ್ ಫಾಸ್ಫರ್ ಬ್ರಾಂಜ್ ಅದನ್ನು ತಾಳುತ್ತದೆ, ಮತ್ತು 8 ಪಿನ್‌ಗಳನ್ನು ಒತ್ತಲು ಒಂದು ಕಿಲೋಗ್ರಾಂಗಿಂತ ಕಡಿಮೆ ಬಲ ಸಾಕು.

ಕರಾವಳಿ ಸರ್ವಿಸ್

ನಾನು ಉಡುಪಿ ಕಡೆ ರಿಪೇರಿ ಕೆಲಸ ಮಾಡುವವನು, ಆದ್ದರಿಂದ ಲೇಪನದ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಸಮುದ್ರದ ಗಾಳಿಯಲ್ಲಿ ಮೊದಲು ಕೈಕೊಡುವುದು ತೆಳು ಚಿನ್ನದ ಲೇಪನ. ಆ ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಅವುಗಳ ಮೂಲಕ ಕೆಳಗಿನ ತಾಮ್ರಕ್ಕೆ ಉಪ್ಪಿನ ತೇವ ತಗುಲಿ ಹಸಿರು ಕಿಲುಬು ಹೊರಗೆ ಉಕ್ಕುತ್ತದೆ. ಒಂದು ಮಳೆಗಾಲ ಕಳೆದ ಪಿನ್ನನ್ನು ಭೂತಗನ್ನಡಿಯಲ್ಲಿ ನೋಡಿದರೆ ಹಳದಿಯ ಮೇಲೆ ಹಸಿರು ಚುಕ್ಕೆಗಳು ಎದ್ದು ಕಾಣುತ್ತವೆ. ಬಹಳ ಮಂದಿ ಅದನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ರಬ್ಬರು ಕಿಲುಬಿನ ಜೊತೆ ಉಳಿದಿರುವ ಚಿನ್ನವನ್ನೂ ತೆಗೆಯುತ್ತದೆ, ಮುಂದಿನ ಮಳೆಗಾಲಕ್ಕೆ ಆ ಕಾರ್ಡ್ ಮುಗಿದಂತೆಯೇ. ಹೆಸರಿಗೆ ಚಿನ್ನ ಹಾಕುವುದಕ್ಕಿಂತ ದಪ್ಪ ತವರ ಹಾಕಿ, ಸಂಪರ್ಕಗಳಿಗೆಂದೇ ಸಿಗುವ ಗ್ರೀಸ್ ಸವರುವುದು ಎಷ್ಟೋ ಮೇಲು ಎಂಬುದು ನನ್ನ ವಾದ.

ಮಿಲಿಓಮ್

ತೆಳು ಚಿನ್ನದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಚಿನ್ನವೇ ಬೇಡ ಎಂಬುದನ್ನು ಒಪ್ಪಲಾರೆ. ಕೆಳಗೆ 1.27 ಮೈಕ್ರಾನ್ ನಿಕ್ಕಲ್, ಅದರ ಮೇಲೆ 0.76 ಮೈಕ್ರಾನ್ ಚಿನ್ನ ಇದ್ದರೆ ಅದು ಬೇರೆಯೇ ವಸ್ತು. ನಿಕ್ಕಲ್ ತಾಮ್ರವನ್ನು ಮೇಲೆ ಬರಲು ಬಿಡುವುದಿಲ್ಲ, ಆ ದಪ್ಪದಲ್ಲಿ ಚಿನ್ನದ ರಂಧ್ರಗಳೂ ಬಹಳ ಕಡಿಮೆಯಾಗುತ್ತವೆ. ಚಿನ್ನಕ್ಕೆ ಆಕ್ಸೈಡ್ ಇಲ್ಲದ ಕಾರಣ ಅರ್ಧ ನ್ಯೂಟನ್ ಬಲವೂ ಸಾಕಾಗುತ್ತದೆ. ತವರಕ್ಕೆ ಕನಿಷ್ಠ 1 ನ್ಯೂಟನ್ ಬೇಕು. ಪದೇ ಪದೇ ತೆಗೆದು ಹಾಕುವ ಕಡೆ ತವರ ಬಾಳುವುದಿಲ್ಲ, ಅದು ಕೆಲವು ಹತ್ತು ಸಲಕ್ಕೇ ಸವೆಯುತ್ತದೆ.

ಎರಡರಲ್ಲಿ ಯಾವುದನ್ನು ಆರಿಸಿದರೂ, ಡ್ರಾಯಿಂಗ್‌ನಲ್ಲಿರುವಂತೆ ಒಂದು ಕಡೆ ತವರ, ಇನ್ನೊಂದು ಕಡೆ ಚಿನ್ನ ಮಾತ್ರ ಬೇಡ. ತವರ ಚಿನ್ನದ ಮೇಲೆ ಮೆತ್ತಿಕೊಂಡು ಅಲ್ಲೇ ಆಕ್ಸೈಡ್ ಆಗುತ್ತದೆ, ಆ ಆಕ್ಸೈಡ್ ಕೆಳಗಿರುವ ಗಡಸು ಲೋಹದ ಮೇಲೆ ತವರದ ಮೇಲಿನಷ್ಟು ಸುಲಭವಾಗಿ ಒಡೆಯುವುದಿಲ್ಲ, ತೇವ ಬಂದರೆ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆಯೂ ಶುರುವಾಗುತ್ತದೆ. ನೀವು ಚಿನ್ನಕ್ಕೆ ಕೊಟ್ಟ ಹಣ ಹೀಗೆ ನಿಮಗೇ ತಿರುಗುಬಾಣವಾಗುತ್ತದೆ.

ಮ್ಯೂನಿಕ್ ಕನ್ನಡಿಗ

ನಾನು ಇಲ್ಲಿ ವಾಹನಗಳ ವೈರಿಂಗ್ ಕ್ಷೇತ್ರದಲ್ಲಿದ್ದೇನೆ. ಕಾರುಗಳಲ್ಲಿ ತವರಕ್ಕೆ ತವರವೇ ಸಾಮಾನ್ಯ, ಮತ್ತು ಅದುರಾಟ ನಿಮ್ಮ ಪ್ಯಾನೆಲ್‌ಗಿಂತ ಬಹಳ ಹೆಚ್ಚು. ಅದು ಅಲ್ಲಿ ಬಾಳುವುದು ಒತ್ತುವ ಬಲ ಹೆಚ್ಚಿರುವುದರಿಂದ ಮಾತ್ರವಲ್ಲ. ಸಂಪರ್ಕದ ಜಾಗಕ್ಕೆ ಚಲನೆ ತಲುಪದಂತೆ ನೋಡಿಕೊಂಡಿರುವುದರಿಂದ. ವೈರನ್ನು ಕನೆಕ್ಟರ್ ಹತ್ತಿರದಲ್ಲೇ ಕಟ್ಟಿರುತ್ತಾರೆ, ಪಿನ್ ಕೂರುವ ಮನೆಗೆ ಎರಡನೆಯ ಬೀಗ ಇರುತ್ತದೆ, ಎರಡು ಭಾಗಗಳನ್ನು ಕೊಂಡಿ ಬಿಗಿಯಾಗಿ ಹಿಡಿದಿರುತ್ತದೆ.

ನಿಮ್ಮ ವಿನ್ಯಾಸದಲ್ಲಿ ಜಿಎಸ್‌ಎಂ ಕಾರ್ಡ್‌ನ ತೂಕವನ್ನು ಹೊರುವವರು ಯಾರು ಎಂದು ಕೇಳಿಕೊಳ್ಳಿ. ಆ 8 ಪಿನ್‌ಗಳೇ ಹೊರುತ್ತಿದ್ದರೆ ಕಾಂಟ್ಯಾಕ್ಟರ್ ಬಡಿದಾಗಲೆಲ್ಲ ಕಾರ್ಡ್ ತೂಗಾಡುತ್ತದೆ, ಆಂಟೆನಾದ ಕೇಬಲ್ ಅದನ್ನು ಬೇರೆ ಎಳೆಯುತ್ತಿರುತ್ತದೆ. ಕಾರ್ಡ್‌ನ ಎರಡು ಬದಿಗೂ ಪ್ಲಾಸ್ಟಿಕ್ ಜಾಡು ಕೊಡಿ, ಎದುರು ತುದಿಯಲ್ಲಿ ಒಂದು ಕೊಂಡಿ ಅಥವಾ ಸ್ಕ್ರೂ ಕೊಡಿ, ಆಂಟೆನಾ ಕೇಬಲ್ಲನ್ನು ಕಾರ್ಡ್‌ಗೇ ಬಿಗಿದು ಕಟ್ಟಿ. ಪಿನ್‌ಗಳಿಗೆ ಕರೆಂಟ್ ಸಾಗಿಸುವ ಕೆಲಸವೊಂದೇ ಉಳಿಯಲಿ.

ಇನ್ನೊಂದು ವಿಷಯ, ಗ್ರೌಂಡ್ ಪಿನ್ ಉಳಿದವುಗಳಿಗಿಂತ ಒಂದು ಮಿ.ಮೀ. ಆದರೂ ಉದ್ದವಿರಲಿ. ಎಲೆಕ್ಟ್ರಿಷಿಯನ್ ಮೇನ್ಸ್ ಆರಿಸದೆಯೇ ಕಾರ್ಡ್ ಎಳೆಯುತ್ತಾನೆ ಎಂದೇ ಭಾವಿಸಿ ವಿನ್ಯಾಸ ಮಾಡಬೇಕು. ಸಿಗ್ನಲ್ ಪಿನ್ ಮೊದಲು ತಾಗಿದರೆ, ವಿದ್ಯುತ್ ಇಲ್ಲದ ಚಿಪ್ಪಿಗೆ ಸಿಗ್ನಲ್ ದಾರಿಯಿಂದಲೇ ಕರೆಂಟ್ ನುಗ್ಗಿ ಅದು ಕೆಡಬಹುದು. ಯುಎಸ್‌ಬಿ ಪ್ಲಗ್ಗನ್ನು ಗಮನಿಸಿ ನೋಡಿ: ಹೊರಗಿನ ಎರಡು ಪಟ್ಟಿಗಳು, ಅಂದರೆ ವಿದ್ಯುತ್ ಮತ್ತು ಗ್ರೌಂಡ್, ಒಳಗಿನ ಎರಡಕ್ಕಿಂತ ಉದ್ದವಾಗಿರುತ್ತವೆ. ಅದೇ ಬಳಗದ ಮೈಕ್ರೋ ಯುಎಸ್‌ಬಿಯಲ್ಲಿ ಸವೆಯುವ ಸ್ಪ್ರಿಂಗನ್ನು ಫೋನಿನಿಂದ ಕೇಬಲ್ ಕಡೆಗೆ ಸರಿಸಿದರು, ಏಕೆಂದರೆ ಕೇಬಲ್ ಅಗ್ಗ, ಫೋನ್ ದುಬಾರಿ. ನಿಮಗೂ ಅದೇ ಪ್ರಶ್ನೆ ಇದೆ: ಸ್ಪ್ರಿಂಗ್ ಪಟ್ಟಿ ಬದಲಿಸುವ ಕಾರ್ಡ್‌ನಲ್ಲಿರಬೇಕೋ, ಪೆಟ್ಟಿಗೆಯಲ್ಲೇ ಉಳಿಯುವ ಬೋರ್ಡ್‌ನಲ್ಲಿರಬೇಕೋ? ನನ್ನ ಮತ ಬದಲಿಸುವ ಕಾರ್ಡ್‌ನ ಪರ.

ಹಳೆಯ ವಾಲ್ವ್

ಇಷ್ಟೆಲ್ಲ ಶ್ರಮ ಏಕೆ ಎಂಬುದು ನನ್ನ ಪ್ರಶ್ನೆ. ಬಿಇಎಲ್ ಕಂಪನಿಯ ವಾಲ್ವ್‌ಗಳ (ಟ್ರಾನ್ಸಿಸ್ಟರಿಗಿಂತ ಹಿಂದಿನ ಗಾಜಿನ ಕೊಳವೆಗಳ) ಕಾಲದಿಂದ ನಾನು ಸಾಕೆಟ್‌ಗಳ ಜೊತೆ ಬಾಳಿದ್ದೇನೆ. 1935ರಲ್ಲಿ ಬಂದ ಆಕ್ಟಲ್ ಬೇಸ್‌ಗೆ ಇಂದಿಗೂ ಸಾಟಿಯಿಲ್ಲ. 8 ಪಿನ್, ಮಧ್ಯದಲ್ಲಿ ಗೆಣ್ಣು ಇರುವ ಗೂಟ. ಕತ್ತಲಲ್ಲೂ ಕೈಯಲ್ಲಿ ತಿರುಗಿಸುತ್ತಾ ಹೋದರೆ ಸರಿಯಾದ ಜಾಗದಲ್ಲಿ ತಾನೇ ಕೂರುತ್ತದೆ, ತಪ್ಪಾಗಿ ಕೂರಿಸಲು ಸಾಧ್ಯವೇ ಇಲ್ಲ. ನಂತರ ಬಂದ 9 ಪಿನ್‌ಗಳ ಚಿಕ್ಕ ವಾಲ್ವ್‌ಗಳಲ್ಲಿ ಗೂಟ ಹೋಗಿ, 1 ಮತ್ತು 9ನೆಯ ಪಿನ್‌ಗಳ ನಡುವಿನ ಅಗಲ ಜಾಗವೊಂದೇ ಗುರುತಾಗಿ ಉಳಿಯಿತು. ಕಣ್ಣಿಗೆ ಕಾಣದಿದ್ದರೆ ಪಿನ್ ಬಾಗುತ್ತಿತ್ತು. ಅದೇ ಆಕ್ಟಲ್ ಬೇಸ್ ಈಗಲೂ ರಿಲೇಗಳಿಗಾಗಿ ಪ್ರತಿ ತಾಲ್ಲೂಕಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ನಿಮ್ಮ ಜಿಎಸ್‌ಎಂ ಕಾರ್ಡನ್ನು ಅದರ ಮೇಲೆಯೇ ಕೂರಿಸಿ.

ಹುಬ್ಬಳ್ಳಿ ರಿಲೇ

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆ ಎಂದು ಭಾವಿಸಬೇಡಿ, ಆದರೆ ಈ ಸಲಹೆ ಅಪಾಯಕಾರಿ. ಪಂಪ್ ಪ್ಯಾನೆಲ್‌ನಲ್ಲಿ ಅದೇ ಆಕ್ಟಲ್ ಬೇಸಿನ ರಿಲೇಯೋ ಟೈಮರೋ ಪಕ್ಕದಲ್ಲೇ ಇರುವ ಸಂಭವವಿದೆ, ಅದರ ಕಾಯಿಲ್‌ಗೆ 230 ಅಥವಾ 415 ವೋಲ್ಟ್ ಬರುತ್ತಿರುತ್ತದೆ. ಟಾರ್ಚ್ ಬೆಳಕಿನಲ್ಲಿ ಕೆಲಸ ಮಾಡುವವನು ಜಿಎಸ್‌ಎಂ ಕಾರ್ಡನ್ನು ರಿಲೇಯ ಬೇಸಿಗೆ ಹಾಕಿದರೆ, ಗೆಣ್ಣು ತಡೆಯುವುದಿಲ್ಲ, ಅದು ಸರಿಯಾಗಿಯೇ ಕೂರುತ್ತದೆ. ಒಂದು ಪೆಟ್ಟಿಗೆಯೊಳಗೆ ಹೆಚ್ಚು ವೋಲ್ಟೇಜಿಗೆ ಬಳಸಿದ ಆಕಾರವನ್ನು ಕಡಿಮೆ ವೋಲ್ಟೇಜಿಗೆ ಮತ್ತೆ ಬಳಸಲೇಬಾರದು. 11 ಪಿನ್‌ಗಳ ಬೇಸ್ ಬಳಸಿದರೂ ಇದೇ ಕಥೆ, ಏಕೆಂದರೆ ಆ ರಿಲೇಗಳೂ ಪ್ಯಾನೆಲ್‌ಗಳಲ್ಲಿವೆ.

ಹಳೆಯ ವಾಲ್ವ್

ಪಕ್ಕದಲ್ಲಿ ಅದೇ ಬೇಸ್ ಇರುವ ಪ್ಯಾನೆಲ್‌ಗೆ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆದರೂ ತಪ್ಪಾಗಿ ಕೂರಲಾಗದ ಗೆಣ್ಣು ಇರಲೇಬೇಕು ಎಂಬ ನನ್ನ ಮಾತು ನಿಲ್ಲುತ್ತದೆ. ತುಮಕೂರಿನವರ ಡ್ರಾಯಿಂಗ್ ವಿವರಣೆಯಲ್ಲಿ ಅದರ ಸುಳಿವೇ ಇಲ್ಲ. 8 ಪಿನ್‌ಗಳ ನೇರ ಸಾಲನ್ನು ಹಿಂದುಮುಂದಾಗಿ ಹಾಕಿದರೆ ಏನಾಗುತ್ತದೆ?

ತುಮಕೂರು ಪ್ಯಾನೆಲ್

ಗ್ರೌಂಡ್ ಇರುವ ಜಾಗಕ್ಕೆ ವಿದ್ಯುತ್ ಬರುತ್ತದೆ. ಮೂರನೆಯ ಪಿನ್ ತೆಗೆದು, ಸಾಕೆಟ್‌ನಲ್ಲಿ ಆ ರಂಧ್ರವನ್ನು ಮುಚ್ಚಿಬಿಟ್ಟರೆ ಹಿಂದುಮುಂದಾಗುವುದಿಲ್ಲ, ಒಂದು ಪಿನ್ ಪಕ್ಕಕ್ಕೆ ಸರಿದೂ ಕೂರುವುದಿಲ್ಲ. ಏಳು ಪಿನ್ ನಮಗೆ ಸಾಕು. ಮ್ಯೂನಿಕ್ ಅವರು ಹೇಳಿದ ಜಾಡನ್ನೂ ಒಂದು ಬದಿ ಅಗಲ, ಒಂದು ಬದಿ ಕಿರಿದು ಮಾಡಿದರೆ ಪಿನ್ ತಾಗುವ ಮೊದಲೇ ಕಾರ್ಡ್ ನಿಲ್ಲುತ್ತದೆ.

ಎಂಟನೇ ಸೆಮಿಸ್ಟರ್

ಜಿಎಸ್‌ಎಂ ಮಾಡ್ಯೂಲ್ 2 ಆಂಪಿಯರ್ ಎಳೆಯುತ್ತದೆ ಎಂದು ಓದಿದ್ದೇನೆ. ವಿದ್ಯುತ್ತಿಗೆ ಎರಡು ಪಿನ್ ಸಮಾನಾಂತರ ಇಟ್ಟರೆ ಒಂದೊಂದಕ್ಕೆ 1 ಆಂಪಿಯರ್ ಎಂದು ಲೆಕ್ಕ ಹಿಡಿಯಬಹುದೇ?

ಮ್ಯೂನಿಕ್ ಕನ್ನಡಿಗ

ಹಿಡಿಯಬಾರದು. ಕರೆಂಟ್ ಸಮನಾಗಿ ಹಂಚಿಕೊಳ್ಳಬೇಕೆಂಬ ನಿಯಮ ಯಾವುದೂ ಇಲ್ಲ. ಯಾವ ಪಿನ್ನಿನ ರೋಧ ಕಡಿಮೆಯೋ ಅದು ಹೆಚ್ಚು ಹೊರುತ್ತದೆ. 2022ರಲ್ಲಿ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್‌ಗಳ 12 ವೋಲ್ಟ್ ಕನೆಕ್ಟರ್ ಕರಗಿದ ಸುದ್ದಿ ನೆನಪಿದೆಯೇ? ಹಳೆಯ 8 ಪಿನ್‌ಗಳ ಕನೆಕ್ಟರ್‌ನಲ್ಲಿ 150 ವ್ಯಾಟ್‌ಗೆ ಮೂರು 12 ವೋಲ್ಟ್ ಪಿನ್‌ಗಳಿದ್ದವು, ಅಂದರೆ ಪಿನ್ನಿಗೆ ಸುಮಾರು 4.2 ಆಂಪಿಯರ್, ಪಿನ್ನಿನ ಶಕ್ತಿ ಅದರ ಎರಡರಷ್ಟರ ಹತ್ತಿರ. ಹೊಸದರಲ್ಲಿ 600 ವ್ಯಾಟನ್ನು ಅದಕ್ಕಿಂತ ಚಿಕ್ಕದಾದ ಆರು ಪಿನ್‌ಗಳಿಗೆ ಹಂಚಿದರು. ಸಮನಾಗಿ ಹಂಚಿದರೂ ಪಿನ್ನಿಗೆ 8.3 ಆಂಪಿಯರ್, ಪಿನ್ನಿನ ಮಿತಿ 9.5ರ ಆಸುಪಾಸು. ಪ್ಲಗ್ ಪೂರ್ತಿ ಒಳಗೆ ಹೋಗದೆ ಕೆಲವು ಪಿನ್‌ಗಳು ಅರೆಬರೆ ತಾಗಿದಾಗ ಉಳಿದವುಗಳ ಮೇಲೆ ಹೊರೆ ಬಿತ್ತು, ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿತು. ಪರಿಷ್ಕೃತ ವಿನ್ಯಾಸದಲ್ಲಿ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿ, ಪ್ಲಗ್ ಪೂರ್ತಿ ಕೂರದಿದ್ದರೆ ಕಾರ್ಡ್ ವಿದ್ಯುತ್ ಎಳೆಯದಂತೆ ಮಾಡಿದರು.

ಆದ್ದರಿಂದ ಎರಡು ಪಿನ್ ಇಡಿ, ಆದರೆ ಒಂದೇ ಪಿನ್ ಪೂರ್ತಿ ಹೊರಬಲ್ಲದು ಎಂಬಂತೆ ಲೆಕ್ಕ ಹಾಕಿ.

ಮಿಲಿಓಮ್

ಇಲ್ಲಿ ಶಾಖಕ್ಕಿಂತ ವೋಲ್ಟೇಜ್ ಇಳಿತ ದೊಡ್ಡ ಸಮಸ್ಯೆ. 2ಜಿ ಮಾಡ್ಯೂಲ್ ಆ 2 ಆಂಪಿಯರ್ ಅನ್ನು ಸತತವಾಗಿ ಎಳೆಯುವುದಿಲ್ಲ, ಪ್ರತಿ 4.6 ಮಿಲಿಸೆಕೆಂಡಿಗೆ ಒಮ್ಮೆ, 577 ಮೈಕ್ರೋಸೆಕೆಂಡುಗಳ ಕಾಲ ಮಾತ್ರ ಎಳೆಯುತ್ತದೆ. ಸಂಪರ್ಕದ ರೋಧ 0.1 ಓಮ್‌ಗೆ ಏರಿದ್ದರೆ ವಿದ್ಯುತ್ ಪಿನ್ನಿನಲ್ಲಿ 0.2 ವೋಲ್ಟ್, ಗ್ರೌಂಡ್ ಪಿನ್ನಿನಲ್ಲಿ ಮತ್ತೆ 0.2 ವೋಲ್ಟ್ ಹೋಗುತ್ತದೆ. 4 ವೋಲ್ಟ್ ಕೊಟ್ಟದ್ದು 3.6 ಆಗುತ್ತದೆ, ಇನ್ನೂ ಸ್ವಲ್ಪ ಫ್ರೆಟಿಂಗ್ ಆದರೆ 3.4ಕ್ಕಿಂತ ಕೆಳಗಿಳಿದು ಮಾಡ್ಯೂಲ್ ರೀಸೆಟ್ ಆಗುತ್ತದೆ. ಮಲ್ಟಿಮೀಟರ್ ಇಟ್ಟವರಿಗೆ 4 ವೋಲ್ಟ್ ಸರಿಯಾಗಿಯೇ ಕಾಣುತ್ತದೆ, ದೋಷವನ್ನು ಟವರ್ ಮೇಲೆ ಹಾಕುತ್ತಾರೆ. ಕಾರ್ಡ್ ಮೇಲೆ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಸಾಕು ಎಂಬ ನಂಬಿಕೆ ಇದೆ. ಅದೊಂದೇ ಆ ಹೊತ್ತಿನ ಕರೆಂಟನ್ನು ಪೂರ್ತಿ ಕೊಡಬೇಕಾಗಿ ಬಂದರೆ ಅದರ ವೋಲ್ಟೇಜ್ 1 ವೋಲ್ಟ್‌ಗೂ ಹೆಚ್ಚು ಕುಸಿಯುತ್ತದೆ.

ನನ್ನ ಸಲಹೆ ಹೀಗಿದೆ. 4 ವೋಲ್ಟ್ ತಯಾರಿಸುವ ಸ್ವಿಚಿಂಗ್ ರೆಗ್ಯುಲೇಟರನ್ನು ಮುಖ್ಯ ಬೋರ್ಡಿನಿಂದ ತೆಗೆದು ಜಿಎಸ್‌ಎಂ ಕಾರ್ಡಿನ ಮೇಲೆಯೇ ಇಡಿ, ಸಾಕೆಟ್ ಮೂಲಕ 12 ವೋಲ್ಟ್ ಕಳಿಸಿ. ಆಗ ಪಿನ್ನಿನಲ್ಲಿ ಹರಿಯುವುದು ಒಂದು ಆಂಪಿಯರ್‌ಗಿಂತ ಕಡಿಮೆ, ಮತ್ತು 12 ವೋಲ್ಟ್‌ನಲ್ಲಿ 0.2 ಇಳಿದರೂ ರೆಗ್ಯುಲೇಟರಿಗೆ ಅದು ಲೆಕ್ಕಕ್ಕಿಲ್ಲ. ಕನೆಕ್ಟರ್ ಸುಧಾರಿಸುವುದಕ್ಕಿಂತ ಅದರ ಮೇಲಿನ ಬೇಡಿಕೆಯನ್ನು ಇಳಿಸುವುದು ಅಗ್ಗ.

ಕರಾವಳಿ ಸರ್ವಿಸ್

ಪ್ಲಾಸ್ಟಿಕ್ ಬಗ್ಗೆಯೂ ಒಂದು ಮಾತು. ಪಟ್ಟಿಗಳು ಕೂರುವ ಸಾಕೆಟ್‌ನ ಮನೆಯನ್ನು ನೈಲಾನ್‌ನಲ್ಲಿ ಮಾಡಿಸಬೇಡಿ, ಅದು ತೇವ ಹೀರಿ ಉಬ್ಬುತ್ತದೆ, ಪಿನ್‌ಗಳ ಅಂತರ ಬದಲಾಗುತ್ತದೆ. ಪಾಲಿಕಾರ್ಬೊನೇಟ್ ಕೂಡ ಬೇಡ, ಕೆಲವು ಕಾಂಟ್ಯಾಕ್ಟ್ ಸ್ಪ್ರೇಗಳು ತಗುಲಿದರೆ ಅದು ಬಿರುಕು ಬಿಡುತ್ತದೆ.

ಪೀಣ್ಯ ಟೂಲ್‌ರೂಮ್

ಗಾಜಿನ ನಾರು ತುಂಬಿದ ಪಿಬಿಟಿ ಪ್ಲಾಸ್ಟಿಕ್ ಸಾಕು. ನಿಮ್ಮದು ರಂಧ್ರದ ಮೂಲಕ ಹಾಕಿ ಕೆಳಗಿನಿಂದ ಬೆಸುಗೆ ಮಾಡುವ ಬೋರ್ಡ್. ಇಡೀ ಬೋರ್ಡನ್ನೇ ಕಾಯಿಸಿ ಬೆಸುಗೆ ಕರಗಿಸುವ ರಿಫ್ಲೋ ಕುಲುಮೆಗೆ ಕಳಿಸುವಂತಿದ್ದರೆ ಮಾತ್ರ ಪಿಬಿಟಿ ಆಗದು, ಅದು ಸುಮಾರು 223 ಡಿಗ್ರಿಗೇ ಕರಗುತ್ತದೆ, ಸೀಸವಿಲ್ಲದ ಬೆಸುಗೆಗೆ ಕುಲುಮೆ 245 ಡಿಗ್ರಿ ದಾಟುತ್ತದೆ. ಆಗ ಹೆಚ್ಚು ಶಾಖ ತಾಳುವ ಎಲ್‌ಸಿಪಿ ಪ್ಲಾಸ್ಟಿಕ್ ಬೇಕು.

ಅಚ್ಚು ಮಾಡುವಾಗ ಇನ್ನೊಂದನ್ನು ಸೇರಿಸಿಕೊಳ್ಳಿ. ಪಿನ್ ಒಳಹೋಗುವ ರಂಧ್ರದ ಬಾಯಿ ಪ್ಲಾಸ್ಟಿಕ್‌ನದೇ ಆಗಿರಲಿ, 0.64ರ ಪಿನ್ನಿಗಿಂತ ತುಸುವೇ ದೊಡ್ಡದಿರಲಿ, ಪಟ್ಟಿ ಅದರ ಹಿಂದೆ ಅಡಗಿರಲಿ. ಮೆಕ್ಯಾನಿಕ್‌ಗಳು ವೋಲ್ಟೇಜ್ ನೋಡಲು ಮಲ್ಟಿಮೀಟರಿನ ದಪ್ಪ ಮೊನೆಯನ್ನು ಸಾಕೆಟ್‌ಗೇ ತುರುಕುತ್ತಾರೆ. ಬಾಯಿ ತೆರೆದಿದ್ದರೆ ಆ ಒಂದು ಸಲಕ್ಕೇ ಪಟ್ಟಿ ಅಗಲವಾಗಿ ಬಾಗುತ್ತದೆ, ಅಲ್ಲಿಗೆ ನಿಮ್ಮ 1.2 ನ್ಯೂಟನ್ ಮುಗಿಯಿತು. ಟರ್ನ್ಡ್ ಪಿನ್ ಐಸಿ ಸಾಕೆಟ್‌ಗಳಲ್ಲೂ ಇದನ್ನು ಕಾಣಬಹುದು: ನಾಲ್ಕು ಬೆರಳಿನ ಒಳಗಿನ ಕ್ಲಿಪ್ ಇರುವುದು ಐಸಿಯ ತೆಳು ಕಾಲಿಗೆ, ಅದಕ್ಕೆ ಚೌಕ ಹೆಡರ್ ಪಿನ್ ತುರುಕಿದರೆ ಮತ್ತೆ ಐಸಿಯನ್ನು ಹಿಡಿಯುವುದಿಲ್ಲ. ಪರೀಕ್ಷೆಗೆ ಬೋರ್ಡಿನ ಮೇಲೆ ಪ್ರತ್ಯೇಕವಾಗಿ ಬೆಸುಗೆಯ ಬಿಂದುಗಳನ್ನು ಕೊಟ್ಟುಬಿಡಿ, ಆಗ ಸಾಕೆಟ್‌ಗೆ ಕೈಹಾಕುವ ಅಗತ್ಯ ಅವರಿಗೂ ಇರುವುದಿಲ್ಲ.

ಹುಬ್ಬಳ್ಳಿ ರಿಲೇ

ನೀವೆಲ್ಲ 8 ಪಿನ್‌ಗಳ ಹಿಂದೆ ಬಿದ್ದಿದ್ದೀರಿ, ಅದೇ ಬೋರ್ಡಿನ ಸ್ಕ್ರೂ ಟರ್ಮಿನಲ್‌ಗಳನ್ನು ಯಾರೂ ನೋಡುತ್ತಿಲ್ಲ. ಎಳೆಗಳಿರುವ ವೈರಿನ ತುದಿಗೆ ಬೆಸುಗೆ ಹಚ್ಚಿ ಸ್ಕ್ರೂ ಕೆಳಗೆ ಬಿಗಿಯುವುದು ನಮ್ಮಲ್ಲಿ ಎಲ್ಲರ ರೂಢಿ. ಬೆಸುಗೆ ಲೋಹ ಮೆದು, ಒತ್ತಡದಲ್ಲಿ ನಿಧಾನವಾಗಿ ಹರಿದು ಚಪ್ಪಟೆಯಾಗುತ್ತದೆ, ಸ್ಕ್ರೂ ತಾನಾಗಿ ಸಡಿಲವಾಗುತ್ತದೆ, ಟರ್ಮಿನಲ್ ಕಪ್ಪಾಗುತ್ತದೆ. ತುದಿಗೆ ಫೆರೂಲ್ (ಲೋಹದ ಪುಟ್ಟ ಕೊಳವೆ) ಹಾಕಿ ಒತ್ತಿಸಿ ಬಿಗಿಯಿರಿ. ಸಾಕೆಟ್ ಎಷ್ಟೇ ಒಳ್ಳೆಯದಿದ್ದರೂ ಟರ್ಮಿನಲ್ ಸಡಿಲವಾದರೆ ಅದೇ ದೂರು ಬರುತ್ತದೆ.

ತುಮಕೂರು ಪ್ಯಾನೆಲ್

ಎಲ್ಲರಿಗೂ ಧನ್ಯವಾದ. ಬದಲಾದ ವಿನ್ಯಾಸ ಹೀಗಿದೆ: ಐಸಿ ನೇರ ಬೆಸುಗೆ; ಸಾಕೆಟ್‌ಗೆ ಸ್ಪ್ರಿಂಗ್ ಹಾರ್ಡ್ ಫಾಸ್ಫರ್ ಬ್ರಾಂಜ್, ಮಿಲಿಓಮ್ ಅವರು ಕೊಟ್ಟ ಅಳತೆಗಳು; ಎರಡೂ ಕಡೆ ನಿಕ್ಕಲ್ ಮೇಲೆ ತವರ, ಜೊತೆಗೆ ಸಂಪರ್ಕದ ಗ್ರೀಸ್, ಏಕೆಂದರೆ ನಮ್ಮ ಕಾರ್ಡ್ ಬದಲಾಗುವುದು ವರ್ಷಕ್ಕೊಮ್ಮೆ ಆಗಬಹುದಷ್ಟೇ; ಸ್ಪ್ರಿಂಗ್ ಪಟ್ಟಿ ಜಿಎಸ್‌ಎಂ ಕಾರ್ಡ್ ಕಡೆ; ಉದ್ದದ ಗ್ರೌಂಡ್ ಪಿನ್; ಮುಚ್ಚಿದ ಮೂರನೆಯ ರಂಧ್ರ; ಪಿಬಿಟಿ ಮನೆ, ಬದಿಯ ಜಾಡು, ಕೊಂಡಿ; ಸಾಕೆಟ್ ಮೂಲಕ 12 ವೋಲ್ಟ್. ವೈರುಗಳಿಗೆ ಫೆರೂಲ್ ಸಹ ಕೊಡುತ್ತೇವೆ. ಒಂದೇ ಪ್ರಶ್ನೆ ಉಳಿದಿದೆ: ಮೊದಲ ಮಾದರಿಗಳು ಬಂದ ಮೇಲೆ ಸಂಪರ್ಕ ಚೆನ್ನಾಗಿದೆ ಎಂದು ಪರೀಕ್ಷಿಸುವುದು ಹೇಗೆ? ಮಲ್ಟಿಮೀಟರಿನ ಬೀಪ್ ಸಾಕೇ?

ಮಿಲಿಓಮ್

ಬೀಪ್‌ನಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಹಲವು ಮೀಟರ್‌ಗಳು ಹತ್ತಾರು ಓಮ್ ಇದ್ದರೂ ಬೀಪ್ ಎನ್ನುತ್ತವೆ. ನಾಲ್ಕು ವೈರಿನ ವಿಧಾನದಲ್ಲಿ ಅಳೆಯಿರಿ: ಎರಡು ವೈರಿನಲ್ಲಿ ಕರೆಂಟ್ ಕಳಿಸಿ, ಬೇರೆ ಎರಡು ವೈರಿನಿಂದ ಸಂಪರ್ಕದ ಎರಡು ಬದಿಯ ವೋಲ್ಟೇಜ್ ನೋಡಿ. ತೆರೆದ ಸ್ಥಿತಿಯ ವೋಲ್ಟೇಜ್ 20 ಮಿಲಿವೋಲ್ಟ್, ಕರೆಂಟ್ 100 ಮಿಲಿಆಂಪಿಯರ್ ದಾಟಬಾರದು. ಹೆಚ್ಚು ವೋಲ್ಟೇಜ್ ಕೊಟ್ಟರೆ ಆಕ್ಸೈಡ್ ಪದರವೇ ಒಡೆದು, ಕೆಟ್ಟ ಸಂಪರ್ಕವೂ ಒಳ್ಳೆಯದಾಗಿ ಕಾಣುತ್ತದೆ.

ಮೊದಲ ದಿನ ಎಷ್ಟು ಮಿಲಿಓಮ್ ಬಂತು ಎಂಬುದು ಮುಖ್ಯವಲ್ಲ, ಅದು ಎಷ್ಟು ಬದಲಾಯಿತು ಎಂಬುದನ್ನು ನೋಡಬೇಕು. ಮಾದರಿಗಳನ್ನು ನಿಜವಾದ ಪ್ಯಾನೆಲ್‌ನಲ್ಲಿ, ಕಾಂಟ್ಯಾಕ್ಟರ್ ಇರುವ ತಟ್ಟೆಯ ಮೇಲೆಯೇ ಕೂರಿಸಿ, ಒಂದು ಟೈಮರ್ ಇಟ್ಟು ಕಾಂಟ್ಯಾಕ್ಟರನ್ನು ಹಗಲಿರುಳು ಎಳೆಸಿ ಬಿಡಿಸುತ್ತಿರಿ, ನಡುನಡುವೆ ಪೆಟ್ಟಿಗೆಯೊಳಗೆ ಒಂದು ಬಲ್ಬ್ ಉರಿಸಿ ಬಿಸಿ ಮಾಡಿ ಆರಿಸಿ. ಪ್ರತಿ ವಾರ ಕಾರ್ಡನ್ನು ಅಲುಗಿಸದೆ ಅಳೆಯಿರಿ. ತೆಗೆದು ಹಾಕಿದರೆ ಆಕ್ಸೈಡ್ ಉಜ್ಜಿಹೋಗಿ ಪರೀಕ್ಷೆ ಮೊದಲಿನಿಂದ ಶುರುವಾದಂತಾಗುತ್ತದೆ. 10 ಮಿಲಿಓಮ್‌ಗಿಂತ ಹೆಚ್ಚು ಏರಿದ ಪಿನ್ ಸಿಕ್ಕರೆ ಅಚ್ಚಿಗೆ ಹಣ ಕಟ್ಟಬೇಡಿ.

ಪೀಣ್ಯ ಟೂಲ್‌ರೂಮ್

ಪ್ರೋಗ್ರೆಸಿವ್ ಡೈಗೆ (ಹಂತ ಹಂತವಾಗಿ ಕತ್ತರಿಸಿ ಬಗ್ಗಿಸುವ ಅಚ್ಚಿಗೆ) ಹೋಗುವ ಮೊದಲು ವೈರ್ ಕಟ್ ಯಂತ್ರದಲ್ಲಿ ಪಟ್ಟಿಗಳನ್ನು ಕತ್ತರಿಸಿ, ಕೈಡೈನಲ್ಲಿ ಬಗ್ಗಿಸಿ, ಮಿಲಿಓಮ್ ಅವರು ಹೇಳಿದ ಪರೀಕ್ಷೆಗೆ ಸಾಕಾಗುವಷ್ಟು ಮಾದರಿ ಮಾಡಿಸಿಕೊಳ್ಳಿ. ಪಿನ್ ಹಾಕುವ ಮೊದಲು ಎರಡು ಪಟ್ಟಿಗಳ ನಡುವಿನ ಸಂದನ್ನು ಅಳೆದು ಬರೆದಿಡಿ, ಪರೀಕ್ಷೆ ಮುಗಿದು ಪಿನ್ ತೆಗೆದ ಮೇಲೆ ಮತ್ತೆ ಅಳೆಯಿರಿ. ಸಂದು ಅಗಲವಾಗಿದ್ದರೆ ಪಟ್ಟಿ ಶಾಶ್ವತವಾಗಿ ಬಾಗಿ ಕೂತುಬಿಟ್ಟಿದೆ ಎಂದರ್ಥ. ಆಗ ಉದ್ದವನ್ನು ಇನ್ನೂ ಅರ್ಧ ಮಿ.ಮೀ. ಹೆಚ್ಚಿಸಿ ನನಗೆ ಡ್ರಾಯಿಂಗ್ ಕಳಿಸಿ, ಬಾಗುಗೆರೆಯ ತ್ರಿಜ್ಯ ನೋಡಿ ಹೇಳುತ್ತೇನೆ.